ಅಕ್ಕ ಬಾಟಲಿ ಎತ್ತಿದ ಸಂಜೆ

ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ದಿನ ಗಂಡಹೆಂಡತಿ ಇಬ್ಬರೂ ಅಳುವುದಕ್ಕೆಂದೇ ತಯಾರಾಗಿ ಮನೆಗೆ ಮರಳಿದ್ದರು. ಹೆಂಡತಿ ಬಸ್ಸಿನಲ್ಲೇ ಕರವಸ್ತ್ರ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಗಂಡ ಬೀಗ ತೆಗೆಯುವ ಮೊದಲು ಗಂಟಲು ಸರಿಮಾಡಿಕೊಂಡ. ಒಳಗೆ ಹೋಗಿ ದೀಪ ಹಾಕಿದರು. ಮಗಳ ಖಾಲಿ ಮಂಚ ನೋಡಿದರು. ಇನ್ನೇನು ಬಂತು ಬಂತು ಅಂದುಕೊಂಡರೆ, ಅಳು ಬರಲಿಲ್ಲ. ಬಂದದ್ದು ಹಸಿವು. ಅದೂ ಸಾಮಾನ್ಯದ್ದಲ್ಲ, ಕಲ್ಲು ಕೊಟ್ಟರೂ ಕರಗಿಸುವಂಥದ್ದು.

ಅವನು ಸಿಟಿ ಬಸ್ ಕಂಡಕ್ಟರ್. ಅವಳದು ಡಿಪೋ ಪಕ್ಕದ ಗಲ್ಲಿಯಲ್ಲಿ, ಎರಡು ಬಾಗಿಲಗಲದ ಒಂದು ಹೊಲಿಗೆ ಅಂಗಡಿ. ಹೊಸ ಬಟ್ಟೆ ಹೊಲಿಯುತ್ತಿದ್ದದ್ದು ಕಡಿಮೆ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಇಷ್ಟೇ ಕೆಲಸ. ಊರಿಗೆಲ್ಲ ಅವಳು ಟೈಲರಮ್ಮ. ಅಕ್ಕನಿಗೆ ಮಾತ್ರ, ತಲೆಯಲ್ಲಿ ಬಿಳಿಕೂದಲು ಇಣುಕಿದ ಮೇಲೂ, ಪುಟ್ಟಿ.

"ಏನ್ ಮಾಡ್ಲಿ ಊಟಕ್ಕೆ?" ಎಂದಳು ಟೈಲರಮ್ಮ.

"ಏನಾದ್ರೂ ಮಾಡು."

ಹಾಗೆಂದವನು ಹೋಗಿ ಕೂರಬೇಕಿತ್ತು ತಾನೆ? ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚಿಲ್ಲರೆ ಕೊಡಲು ಮರೆತವನ ಹಾಗೆ ನಿಂತೇ ಇದ್ದ.

"ಏನ್ರೀ?"

"ಏನಿಲ್ಲ. ನೂಡಲ್ಸ್ ಮಾಡೋಣ್ವಾ?"

ಟೈಲರಮ್ಮ ತಿರುಗಿ ನೋಡಿದಳು. ಆ ಮನೆಯ ಅಡುಗೆ ಅಷ್ಟು ವರ್ಷ ಮಗಳ ನಾಲಗೆಗೆ ತಕ್ಕಂತೆ ನಡೆದಿತ್ತು. ಮಗಳಿಗೆ ಬೆಳ್ಳುಳ್ಳಿ ವಾಸನೆ ಆಗದು. ಈರುಳ್ಳಿ ಕಂಡರೆ ಒಂದೊಂದೇ ಆರಿಸಿ ತಟ್ಟೆಯಂಚಿಗೆ ಕವಾಯತು ನಿಲ್ಲಿಸುತ್ತಿದ್ದಳು. ಎಲೆಕೋಸು ಅಂದರೆ ಸಾಕು, ಹೊಟ್ಟೆನೋವು ಶುರು. ಮೆತ್ತಗಿನ ಅನ್ನ, ಸಪ್ಪೆ ಪಲ್ಯ ತಿಂದೂ ತಿಂದೂ ಗಂಡಹೆಂಡಿರಿಗೆ ತಮ್ಮ ಬಾಯಿಗೂ ಒಂದು ರುಚಿ ಇದೆ ಎನ್ನುವುದೇ ಮರೆತುಹೋಗಿತ್ತು. ಅಥವಾ ಟೈಲರಮ್ಮ ಹಾಗೆ ತಿಳಿದಿದ್ದಳು. ಗಂಡ ಮರೆತಿರಲಿಲ್ಲ.

ಅವನ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಒಂದು ತಳ್ಳುಗಾಡಿ ನಿಲ್ಲುತ್ತಿತ್ತಂತೆ. ಬಸ್ಸು ತಿರುಗಿ ಹೊರಡುವ ತನಕ ಅವನು ಅದರ ಮುಂದೆ ನಿಂತು, ಗಾಡಿಯವನು ಉರಿಯ ಮೇಲೆ ಬಾಣಲೆ ಎಗರಿಸುವುದನ್ನೇ ನೋಡುತ್ತಿದ್ದನಂತೆ. ಎಲೆಕೋಸು ಹೀಗೆ ಹಾರುತ್ತೆ, ನೂಡಲ್ಸ್ ಹೀಗೆ ಮೇಲೆದ್ದು ಹೀಗೆ ಬೀಳುತ್ತೆ ಎಂದು ಕಂಡಕ್ಟರ್ ಖಾಲಿ ಕೈಯಲ್ಲೇ ಎಗರಿಸಿ ತೋರಿಸಿದ. ಆ ಮಣಿಕಟ್ಟಿನ ತಿರುವು, ಆ ಭುಜದ ಕುಣಿತ! ಇಷ್ಟು ವರ್ಷ ಸಂಸಾರ ಮಾಡಿದ ಗಂಡನೊಳಗೆ ಇಂಥದ್ದೊಂದು ಅಡಗಿದ್ದದ್ದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಟೈಲರಮ್ಮನಿಗೆ ಬೆರಗಾಯಿತು.

"ಒಂದ್ಸಲಾನೂ ತಿಂದಿಲ್ವಾ?"

"ನಿಮ್ಮಿಬ್ಬರನ್ನ ಬಿಟ್ಟು ಒಬ್ನೇ ಹೇಗೆ ತಿನ್ಲಿ? ಮನೆಗೆ ತಂದ್ರೆ ಅವಳು ಮೂಗು ಮುಚ್ಚೋಳು."

"ಹಾಗಿದ್ರೆ ಹೋಗಿ ಸಾಮಾನು ತನ್ನಿ," ಎಂದಳು ಟೈಲರಮ್ಮ. "ನಿಂತಿದೀರಲ್ಲ ಇನ್ನೂ!"

ಅವನು ಓಡಿದ. ಮಾರುಕಟ್ಟೆ ಮುಚ್ಚುವ ಹೊತ್ತು. ತರಕಾರಿಯವರು ಹೊತ್ತು ಮನೆಗೆ ಒಯ್ಯುವುದಕ್ಕಿಂತ ಬಂದಷ್ಟಕ್ಕೆ ಕೊಡುತ್ತಿದ್ದರು. ತಲೆಯಷ್ಟು ದಪ್ಪದ ಎಲೆಕೋಸು, ಸೊಟ್ಟ ಕ್ಯಾರೆಟ್ಟು, ಒಂದು ಕಟ್ಟು ಈರುಳ್ಳಿ ಹೂವು, ಕೈತುಂಬ ಬೆಳ್ಳುಳ್ಳಿ. ನೂಡಲ್ಸಿನ ಪೊಟ್ಟಣ ಒಳಗೇ ಪುಡಿಯಾಗಿದ್ದರಿಂದ ಅಂಗಡಿಯವನು ಅದನ್ನೂ ಅಗ್ಗಕ್ಕೆ ಬಿಟ್ಟ. ಸೋಯಾ ಸಾಸನ್ನು ಆತ ದೊಡ್ಡ ಕ್ಯಾನಿನಿಂದ ಬಿಡಿಯಾಗಿ ಮಾರುತ್ತಿದ್ದ. ಬಾಟಲಿ ಮಾತ್ರ ನಾವೇ ಒಯ್ಯಬೇಕು. ಕಂಡಕ್ಟರ್ ಪಕ್ಕದ ಗುಜರಿ ಅಂಗಡಿಯಲ್ಲಿ ಒಂದು ಚಪ್ಪಟೆ ಬಾಟಲಿ ಹುಡುಕಿ, ತೊಳೆಸಿ, ಅದರಲ್ಲಿ ತುಂಬಿಸಿಕೊಂಡು ಅಂಗಿಯ ಒಳಜೇಬಿಗೆ ಇಳಿಸಿದ. ಆ ಚಪ್ಪಟೆ ಬಾಟಲಿಯಲ್ಲಿ ಮೊದಲು ಏನಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನದ ನೂಡಲ್ಸು ಗೋಡೆ ಕಟ್ಟಲು ಬರುವಂತಿತ್ತು. ಕುದಿಯುವ ನೀರಿನಲ್ಲಿ ಅದನ್ನು ಹಾಕಿ ಇಬ್ಬರೂ ಎಲೆಕೋಸು ಹೆಚ್ಚಲು ಕೂತರು, ಮಾತಿಗೆ ಮಾತು ಬೆಳೆಯಿತು, ನೆನಪಾಗಿ ಮುಚ್ಚಳ ತೆಗೆದರೆ ಒಳಗಿದ್ದದ್ದು ಒಂದೇ ಉಂಡೆ. ಕಂಡಕ್ಟರ್ ಅದನ್ನು ಬಾಣಲೆಗೆ ಹಾಕಿ ಗಾಡಿಯವನ ಹಾಗೆಯೇ ಮಣಿಕಟ್ಟು ತಿರುಗಿಸಿ ಎಗರಿಸಿದ. ಉಂಡೆ ಗೌರವದಿಂದ ಮೇಲೆದ್ದು, ಗೌರವದಿಂದ ಒಲೆಯ ಹಿಂದೆ ಬಿತ್ತು.

"ಕತ್ರಿ ಕೊಡೇ, ಕತ್ತರಿಸೋಣ."

"ನನ್ನ ಬಟ್ಟೆ ಕತ್ರಿ ಮುಟ್ಟಿದ್ರೆ ನಿಮ್ಮ ಕೈ ಕತ್ತರಿಸ್ತೀನಿ!"

ಕೊನೆಗೆ ಬಿದ್ದದ್ದನ್ನು ಎತ್ತಿ ತೊಳೆದು, ಚಾಕುವಿನಿಂದ ಹೋಳು ಮಾಡಿ, ಮೇಲೆ ಬೆಳ್ಳುಳ್ಳಿ ಹುರಿದು ಸುರಿದು, ಮೆಣಸಿನಕಾಯಿ ಉದುರಿಸಿ ತಿಂದರು. ತಿಂದರು ಎನ್ನುವುದಕ್ಕಿಂತ ಅದರ ಜೊತೆ ಜಗಳವಾಡಿದರು. ಖಾರಕ್ಕೆ ಕಣ್ಣು ಮೂಗು ಎಲ್ಲ ಸುರಿಯಿತು, ನಗುವಿಗೆ ಪಕ್ಕೆ ಹಿಡಿಯಿತು. ಅಳುವುದಕ್ಕೆಂದು ತಂದಿದ್ದ ಕರವಸ್ತ್ರ ಮೂಗು ಒರೆಸಲು ಆಯಿತು.

ಅಲ್ಲಿಂದ ಅವರಿಗೆ ಹುಚ್ಚೇ ಹಿಡಿಯಿತು. ಹಿಂದಿನ ದಿನದ ತಣ್ಣನೆ ಅನ್ನ ಬಾಣಲೆಯಲ್ಲಿ ಉದುರುದುರಾಗಿ ಕುಣಿಯುತ್ತದೆ, ಬಿಸಿ ಅನ್ನ ಮುದ್ದೆಯಾಗಿ ಮುನಿಸಿಕೊಳ್ಳುತ್ತದೆ ಎಂದು ಕಂಡುಕೊಂಡರು. ಅಂದಿನಿಂದ ಟೈಲರಮ್ಮ ಬೇಕೆಂದೇ ಅನ್ನ ಮಿಗಿಸತೊಡಗಿದಳು. ಶುಂಠಿ ಬೆಳ್ಳುಳ್ಳಿ ಕುದಿಸಿದ ನೀರಿಗೆ ಮೊಟ್ಟೆ ಒಡೆದು ದಾರದ ಹಾಗೆ ಬಿಟ್ಟರೆ ಅದು ರೇಷ್ಮೆ ಎಳೆಯಂತೆ ತೇಲುವುದನ್ನು ಕಂಡು ಇಬ್ಬರೂ ಪಾತ್ರೆಯ ಮೇಲೆ ಬಗ್ಗಿ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಕಡಲೆಬೀಜ ಅರೆದು ಬೆಲ್ಲ, ನಿಂಬೆ, ಮೆಣಸಿನಪುಡಿ, ಸೋಯಾ ಸೇರಿಸಿ ಮಾಡಿದ ಗೊಜ್ಜನ್ನು ಕಂಡಕ್ಟರ್ ಬೆರಳಲ್ಲೇ ಮುಗಿಸಿಬಿಟ್ಟ; ಅದನ್ನು ಹಾಕಿಕೊಳ್ಳಬೇಕಿದ್ದ ನೂಡಲ್ಸು ಒಣಗಿ ಕೂತಿತ್ತು. ಕಡ್ಡಿಗಳಲ್ಲಿ ತಿನ್ನಬೇಕೆಂದು ಹಟ ಹಿಡಿದು ಟೈಲರಮ್ಮನ ಹೆಣಿಗೆ ಕಡ್ಡಿಗಳನ್ನೇ ತೊಳೆದು ಬಳಸಿದರು. ಅವನ ಕಡ್ಡಿಯಿಂದ ಹಾರಿದ ಎಲೆಕೋಸು ಅವಳ ಹಣೆಗೆ ಅಂಟಿತು.

"ಅಲ್ಲೇ ಇರ್ಲಿ ಬಿಡು, ಚೆನ್ನಾಗಿ ಕಾಣ್ತೀಯ," ಎಂದ.

ಟೈಲರಮ್ಮ ನಾಚಿದಳು. ಎಷ್ಟು ಕಾಲದ ಮೇಲೆ ನಾಚಿದ್ದಳೋ ಅವಳಿಗೇ ಗೊತ್ತಿಲ್ಲ.

ಈ ಸುಖದ ಮಧ್ಯೆ ದಿನಾ ಸಂಜೆ ಅಕ್ಕನ ಫೋನು ಬರುತ್ತಿತ್ತು.

ಅಕ್ಕ ದೊಡ್ಡಾಸ್ಪತ್ರೆಯ ಹೆಡ್ ನರ್ಸ್. ಅವಳು ವಾರ್ಡಿಗೆ ಕಾಲಿಟ್ಟರೆ ನರಳುತ್ತಿದ್ದ ರೋಗಿಗಳೂ ನೆಟ್ಟಗೆ ಮಲಗುತ್ತಾರೆ ಎಂಬ ಮಾತಿತ್ತು. ಹುಡುಗಿ ಹಾಸ್ಟೆಲಿಗೆ ಹೋದ ಮೇಲೆ ತಂಗಿ ಕಂಗಾಲಾಗುತ್ತಾಳೆ, ತಾನು ಸಮಾಧಾನ ಹೇಳಬೇಕು ಎಂದು ಅವಳು ಮೊದಲೇ ನಿಶ್ಚಯಿಸಿಕೊಂಡಿದ್ದಳು. ಆದರೆ ಫೋನು ಮಾಡಿದರೆ ತಂಗಿ ಏದುಸಿರು ಬಿಡುತ್ತ ಎತ್ತಿಕೊಳ್ಳುತ್ತಿದ್ದಳು.

"ಪುಟ್ಟೀ, ಹೇಗಿದೀಯೇ? ಮನೆ ಬಿಕೋ ಅನ್ಸುತ್ತಾ?"

"ಅಯ್ಯೋ ಇಲ್ಲಕ್ಕ... ರೀ, ಸಾಕು ಸುರಿದಿದ್ದು! ಬಾಟ್ಲಿ ಪೂರ್ತಿ ಖಾಲಿ ಮಾಡ್ತೀರಾ? ... ಅಕ್ಕ, ನಾಳೆ ಮಾತಾಡ್ಲಾ?" ಹಿಂದಿನಿಂದ ಕಿಸಕಿಸ ನಗು. ಏನೋ ಬಿದ್ದ ಸದ್ದು.

ಇನ್ನೊಂದು ಸಂಜೆ: "ತಲೆಗೇರಿಬಿಡ್ತು ಕಣಕ್ಕ, ಕಣ್ಣು ಮಂಜಾಗಿದೆ, ಇಡ್ತೀನಿ." ಏರಿದ್ದು ಮೆಣಸಿನಕಾಯಿ ಘಾಟು. ಅದನ್ನು ಹೇಳುವಷ್ಟು ವ್ಯವಧಾನ ಯಾರಿಗಿತ್ತು?

ಅಕ್ಕ ಲೆಕ್ಕ ಹಾಕಿದಳು. ಬಾಟಲಿ, ಸುರಿಯುವುದು, ತಲೆಗೇರುವುದು, ಕಾರಣವಿಲ್ಲದ ನಗು. ಮಗಳು ಹೋದ ದುಃಖಕ್ಕೆ ಇಬ್ಬರೂ ಕುಡಿತಕ್ಕೆ ಬಿದ್ದಿದ್ದಾರೆ! ಇಂಥವರನ್ನು ವಾರ್ಡಿನಲ್ಲಿ ಎಷ್ಟು ನೋಡಿಲ್ಲ ಅವಳು? ಒಂದು ಸಂಜೆ ರಕ್ತದೊತ್ತಡ ನೋಡುವ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಗಂಡನನ್ನು ಜೊತೆಗೆ ಹೊರಡಿಸಿಕೊಂಡು, ಹೇಳದೆ ಕೇಳದೆ ಬಂದೇಬಿಟ್ಟಳು.

ಅಕ್ಕನ ಗಂಡ, ಅಂದರೆ ಭಾವ, ಗಡಿಯಾರ ರಿಪೇರಿ ಮಾಡುವವರು. ಸದ್ದು ಮಾಡದ ಮನುಷ್ಯ. ಹೆಂಡತಿ ಮಾತಾಡುವಾಗ ಸುಮ್ಮನಿರುವುದು ಅವರ ಅಭ್ಯಾಸ. ಹೆಂಡತಿ ಯಾವಾಗಲೂ ಮಾತಾಡುತ್ತಿದ್ದಳು. ಹೊಟ್ಟೆಯಲ್ಲಿ ಹುಳಿ ಏರುತ್ತದೆಂದು ಅಕ್ಕ ಅವರಿಗೆ ಗಂಜಿ, ಬೇಯಿಸಿದ ಸೋರೆಕಾಯಿ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ.

ಆ ಸಂಜೆ ಟೈಲರಮ್ಮ ಮತ್ತು ಕಂಡಕ್ಟರ್ ಮೊದಲ ಬಾರಿಗೆ ಮೋಮೋ ಮಾಡುತ್ತಿದ್ದರು. ಮೈದಾ ಹಿಟ್ಟಿನ ತೆಳು ಹಾಳೆಯೊಳಗೆ ಸಣ್ಣಗೆ ಹೆಚ್ಚಿದ ಎಲೆಕೋಸು, ಕ್ಯಾರೆಟ್ಟು, ಈರುಳ್ಳಿ ತುಂಬಿ, ಬಾಯಿ ಮಡಿಸಿ, ಹಬೆಯಲ್ಲಿ ಬೇಯಿಸಬೇಕು. ಈರುಳ್ಳಿ ಹೆಚ್ಚುವ ಪಾಳಿ ಕಂಡಕ್ಟರನದು. ಕಣ್ಣುರಿ ತಾಳಲಾರದೆ ಅವನು ಮಗಳ ಹಳೆಯ ಈಜುಕನ್ನಡಕ ಹಾಕಿಕೊಂಡಿದ್ದ. ಮೈಮೇಲೆ ಹೆಂಡತಿಯ ಹೂವಿನ ಏಪ್ರನ್ನು. ಟೈಲರಮ್ಮನಿಗೆ ಮೊಣಕೈವರೆಗೆ ಹಿಟ್ಟು, ಮೂಗಿನ ತುದಿಗೂ ಹಿಟ್ಟು. ಅವಳು ಮೋಮೋದ ಬಾಯಿಗೆ ಲಂಗಕ್ಕೆ ಹಿಡಿಯುವಂತೆ ಸಣ್ಣ ನೆರಿಗೆ ಹಿಡಿದು, ತುದಿಯನ್ನು ಒಳಗೆ ಮಡಚಿ, "ನೋಡ್ರೀ, ಇದಕ್ಕೆ ಅಂಚು ಕೂಡ ಹೊಲಿದೆ," ಎಂದು ಎತ್ತಿ ತೋರಿಸಿದಳು. ಅವನು ತನ್ನದನ್ನು ಎತ್ತಿದ. ಅದು ಹತ್ತು ಜನ ಕೂತೆದ್ದ ಟೋಪಿಯ ಹಾಗಿತ್ತು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಬಾಗಿಲು ಬಡಿದದ್ದು ಕೇಳಿಸಲಿಲ್ಲ. ಬಾಗಿಲಿಗೆ ಹೇಗೂ ಚಿಲಕ ಹಾಕಿರಲಿಲ್ಲ.

"ಅಯ್ಯಯ್ಯೋ! ಕೈ ಮೀರಿಹೋಗಿದೆಯಲ್ರೀ!"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಭಾವನ ಕಡೆಗಿತ್ತು, ಬೆರಳು ಕಂಡಕ್ಟರನ ಈಜುಕನ್ನಡಕದ ಕಡೆಗಿತ್ತು.

"ಅಕ್ಕಾ! ಬಾ ಬಾ! ಏನು ಹೇಳದೇನೇ..."

"ಹೇಳಿ ಬಂದಿದ್ರೆ ಇದು ಕಾಣ್ತಿತ್ತಾ ನನಗೆ? ಪುಟ್ಟೀ, ನಮ್ಮಮ್ಮ ನಿನ್ನ ನನ್ನ ಕೈಗೆ ಒಪ್ಪಿಸಿ ಹೋಗಿದಾಳೆ. ನಿಜ ಹೇಳು. ಯಾವಾಗಿಂದ?"

"ಏನು ಯಾವಾಗಿಂದ?"

"ಇದು!" ಅಕ್ಕ ಒಲೆಯ ಪಕ್ಕದ ಚಪ್ಪಟೆ ಬಾಟಲಿಯನ್ನು ಎತ್ತಿ ಹಿಡಿದಳು. ಒಳಗೆ ಕಪ್ಪು ದ್ರವ ಕುಲುಕಿತು. "ಇಬ್ಬರೂ ಸೇರ್ಕೊಂಡು! ಇವರೊಬ್ರು ಕುಡಿದಿದ್ರೆ ಗಂಡಸು ಅಂತ ಬಯ್ದು ಸುಮ್ಮನಾಗ್ತಿದ್ದೆ. ನೀನೂ ಕೂತ್ಕೊಂಡು..."

ಟೈಲರಮ್ಮನಿಗೆ ಅರ್ಥವಾಯಿತು. ಅರ್ಥವಾದ ತಕ್ಷಣ ಹೇಳಬೇಕಿತ್ತು. ಆದರೆ ನಗು ಗಂಟಲಿಗೆ ಅಡ್ಡ ಬಂತು. ಬಾಯಿ ತೆರೆದರೆ ಮಾತಿನ ಬದಲು ಕುಯ್ ಎನ್ನುವ ಸದ್ದು ಬಂತು. ಅವಳು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕುಸಿದಳು.

"ನೋಡಿ, ನಿಲ್ಲೋಕೂ ಆಗ್ತಿಲ್ಲ ಅವಳಿಗೆ!"

"ಅತ್ತಿಗೆ, ಅದು ಸೋಯಾ ಸಾಸು," ಎಂದ ಕಂಡಕ್ಟರ್, ಈಜುಕನ್ನಡಕದೊಳಗಿಂದ ಬಹಳ ಗಂಭೀರವಾಗಿ. "ಅಡುಗೆಗೆ ಹಾಕೋದು. ಬೇಕಾದ್ರೆ ನೀವೇ ರುಚಿ ನೋಡಿ."

ಅವನ ಅರ್ಥದಲ್ಲಿ ರುಚಿ ನೋಡುವುದೆಂದರೆ ಬೆರಳ ತುದಿಗೆ ಒಂದು ಹನಿ.

"ನೋಡ್ತೀನಿ! ನನಗೇನು ಹೆದರಿಕೇನಾ? ಕುಡುಕರು ಹೇಳೋ ಸುಳ್ಳನ್ನ ದಿನಾ ಕೇಳ್ತೀನಿ ನಾನು," ಎಂದ ಅಕ್ಕ ಮುಚ್ಚಳ ತಿರುವಿ, ತಲೆ ಹಿಂದಕ್ಕೆ ಹಾಕಿ, ಬಾಟಲಿ ಎತ್ತಿಯೇಬಿಟ್ಟಳು.

ಗುಟುಕು ಇಳಿಯಿತು. ಒಂದು ಕ್ಷಣ ಅಕ್ಕನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಬಂತು. ಹುಬ್ಬು ಮೇಲೆ ಹೋಯಿತು, ತುಟಿ ಒಳಗೆ ಹೋಯಿತು, ಕಣ್ಣು ಹೊರಗೆ ಬಂತು. ಸಮುದ್ರವನ್ನೇ ಕುಡಿದವಳ ಹಾಗೆ ಗಾಳಿಯಲ್ಲಿ ಕೈಯಾಡಿಸಿದಳು. "ಉಪ್... ಉಪ್..." ಎಂದಳು. ಉಪ್ಪು ಎನ್ನಲು ಹೊರಟದ್ದು ಪೂರ್ತಿ ಆಗಲೇ ಇಲ್ಲ. ಕಂಡಕ್ಟರ್ ನೀರಿನ ಚೊಂಬು ಹಿಡಿದು ಓಡಿಬಂದ. ಕನ್ನಡಕಕ್ಕೆ ಹಬೆ ಹಿಡಿದು ಕುರುಡಾಗಿದ್ದವನು ಅರ್ಧ ನೀರನ್ನು ಅತ್ತಿಗೆಯ ಭುಜಕ್ಕೆ ಕುಡಿಸಿದ.

ನೀರು ಕುಡಿದು, ಉಸಿರು ಎಳೆದು, ಗಲ್ಲ ಒರೆಸಿಕೊಂಡ ಅಕ್ಕ ಸುತ್ತ ನೋಡಿದಳು. ಎಲೆಕೋಸು ಕಂಡಿತು. ಹಿಟ್ಟು ಕಂಡಿತು. ತಟ್ಟೆಯಲ್ಲಿ ಸಾಲಾಗಿ ಕೂತ ನೆರಿಗೆಯ ಮೋಮೋಗಳು, ಅವುಗಳ ಪಕ್ಕದಲ್ಲಿ ಜಜ್ಜಿದ ಟೋಪಿಗಳು ಕಂಡವು. ನೆಲದ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದ ತಂಗಿ ಕಂಡಳು.

"ನಗು ನಗು," ಎಂದಳು. ಗಂಟಲು ಇನ್ನೂ ಗೊಗ್ಗರಾಗಿತ್ತು. "ನಾನಿಲ್ಲಿ ಸಾಯ್ತಿದೀನಿ, ನೀನು ನಗು."

"ಅಕ್ಕ, ಹೇಳೋಕೆ ಬಂದೆ... ನೀನು ಎತ್ತೇ ಬಿಟ್ಟೆ..."

"ಹೇಳೋಕೇನು, ದಿನಾ ನಾನೇ ಫೋನ್ ಮಾಡ್ತಿದ್ನಲ್ಲ! ಒಂದ್ಸಲ ಹೇಳಿದ್ರೆ ಬಾಯಿ ಸವೀತಿತ್ತಾ? ಇಡ್ತೀನಿ ಇಡ್ತೀನಿ ಅಂತ ಇಟ್ಟುಬಿಡೋಳು. ಹುಡುಗಿ ಹೋದ್ಲು, ಪುಟ್ಟಿ ಅತ್ತುಕೊಂಡು ಕೂತಿರ್ತಾಳೆ, ನನ್ನ ಹತ್ರ ಬರ್ತಾಳೆ ಅಂತ ನಾನು ಒಂದು ವಾರ ರಜಾ ಬೇರೆ ಕೇಳಿಟ್ಟಿದ್ದೆ. ಇವಳಿಗೆ ನಾನು ಬೇಕೇ ಆಗ್ಲಿಲ್ಲ!"

ಟೈಲರಮ್ಮನ ನಗು ನಿಂತಿತು. ಅಕ್ಕನ ಕಣ್ಣಲ್ಲಿ ನೀರಿತ್ತು, ಮತ್ತು ಅದು ಪೂರ್ತಿ ಸೋಯಾ ಸಾಸಿನದಾಗಿರಲಿಲ್ಲ. ಅವಳು ಎದ್ದು, ಹಿಟ್ಟಿನ ಕೈ ನೋಡಿಕೊಳ್ಳದೆ, ಅಕ್ಕನನ್ನು ತಬ್ಬಿಕೊಂಡಳು. ಅಕ್ಕನ ಬೆನ್ನ ಮೇಲೆ ಹತ್ತು ಬಿಳಿ ಬೆರಳು ಮೂಡಿದವು.

"ಬೇಕು ಕಣೇ ಅಕ್ಕ. ನಂಗೇ ನಾಚಿಕೆ ಆಗ್ತಿತ್ತು. ಮಗಳು ಹೋದ ಮನೇಲಿ ಹೀಗೆ ಕುಣಿತಿದೀವಿ ಅಂತ ಯಾರ ಹತ್ರ ಹೇಳ್ಲಿ? ನೀನು ಬಯ್ತೀಯ ಅಂದ್ಕೊಂಡೆ."

"ಬಯ್ತಿದ್ದೆ," ಎಂದು ಅಕ್ಕ ಒಪ್ಪಿಕೊಂಡಳು.

"ಇನ್ನೊಂದ್ ನಾಲ್ಕು ಇದ್ರೆ ಹಾಕಮ್ಮ," ಎಂದಿತು ಒಂದು ಧ್ವನಿ.

ಎಲ್ಲರೂ ತಿರುಗಿದರು. ಭಾವನನ್ನು ಮರೆತೇಬಿಟ್ಟಿದ್ದರು. ಈ ಗದ್ದಲದ ನಡುವೆ ಅವರು ಮೂಲೆಯ ಮಣೆಯ ಮೇಲೆ ಕೂತು, ಮೊದಲ ಸುತ್ತಿನಲ್ಲಿ ಬೆಂದ ಮೋಮೋಗಳ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಡಿಯಾರದ ಬಿಡಿಭಾಗ ಎತ್ತುವಷ್ಟು ಜೋಪಾನವಾಗಿ ಒಂದೊಂದನ್ನೇ ಎತ್ತಿ ಖಾರದ ಗೊಜ್ಜಿನಲ್ಲಿ ಅದ್ದಿ ತಿನ್ನುತ್ತಿದ್ದರು. ಪಾತ್ರೆ ಬರಿದಾಗಿತ್ತು. ಮೂಗು ಕೆಂಪಾಗಿತ್ತು. ಅಂಥ ನೆಮ್ಮದಿಯನ್ನು ಆ ಮುಖದಲ್ಲಿ ಟೈಲರಮ್ಮ ಯಾವತ್ತೂ ಕಂಡಿರಲಿಲ್ಲ.

"ರೀ! ನಿಮ್ಮ ಹೊಟ್ಟೆ!"

"ಹೊಟ್ಟೇನೇ ಕೇಳ್ತಿರೋದು," ಎಂದರು ಭಾವ.

ಅಕ್ಕನ ಭುಜ ಅಲುಗಿತು. ವಾರ್ಡಿಗೆಲ್ಲ ಹೆದರಿಕೆ ಹುಟ್ಟಿಸುವ ಹೆಡ್ ನರ್ಸ್ ಗೋಡೆಗೆ ಒರಗಿಕೊಂಡು ನಗತೊಡಗಿದಳು. ಅವಳದು ಮಹಾ ಸಾಂಕ್ರಾಮಿಕ ನಗು. ಪಕ್ಕದ ಮನೆಯವರು ಕಿಟಕಿ ತೆರೆದು ಇಣುಕಿ ನೋಡುವಷ್ಟು ಜೋರು.

ಮುಂದಿನ ಹೊತ್ತು ಯಾರು ಏನು ಮಾಡಿದರೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಅಕ್ಕ ಸೆರಗು ಸಿಕ್ಕಿಸಿ, ಉಗುರೊಳಗೂ ಸೋಪು ಹಾಕಿ ಕೈ ತೊಳೆದು, ಬೇರೆಯವರೂ ಹಾಗೇ ತೊಳೆಯುವ ತನಕ ಬಿಡಲಿಲ್ಲ. ಅವಳು ಮಡಿಸಿದ ಮೋಮೋಗಳು ಬ್ಯಾಂಡೇಜು ಸುತ್ತಿದ ಬೆರಳುಗಳಂತಿದ್ದವು. ಗಟ್ಟಿ ಅಂದರೆ ಗಟ್ಟಿ, ಹಬೆಯಲ್ಲಿ ಒಂದೂ ಬಿಚ್ಚಲಿಲ್ಲ. ಭಾವ ಬಟಾಣಿಯಷ್ಟು ಚಿಕ್ಕ ಮೋಮೋ ಮಾಡಿದರು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ ಅಷ್ಟರಲ್ಲಿ ಉಳಿದವರು ತಟ್ಟೆ ತುಂಬಿಸಿದ್ದರು. ಕಂಡಕ್ಟರ್ "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ!" ಎಂದು ಕೂಗುತ್ತ ಹಬೆಪಾತ್ರೆಗೆ ಮೋಮೋ ತುರುಕಿದ. ಅಕ್ಕ ನಡುವೆ ಒಮ್ಮೆ ಯಂತ್ರ ತೆಗೆದು ಎಲ್ಲರ ರಕ್ತದೊತ್ತಡ ನೋಡಿದಳು. ಅವಳದೇ ಎಲ್ಲರಿಗಿಂತ ಮೇಲಿತ್ತು. "ಯಂತ್ರ ಕೆಟ್ಟಿದೆ," ಎಂದು ಚೀಲಕ್ಕೆ ಹಾಕಿದಳು.

ತಿನ್ನಲು ಕೂತಾಗ ಮಗಳ ವಿಡಿಯೋ ಕರೆ ಬಂತು.

ಟೈಲರಮ್ಮ ಕಳ್ಳ ಸಿಕ್ಕಿಬಿದ್ದಂತೆ ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದಳು. ಆದರೆ ಫೋನು ಆಗಲೇ ಕಂಡಕ್ಟರನ ಕೈಯಲ್ಲಿತ್ತು, ಮತ್ತು ಪರದೆಯಲ್ಲಿ ಮಗಳ ಕಣ್ಣು ದೊಡ್ಡದಾಗುತ್ತಿತ್ತು.

"ಅಪ್ಪಾ, ಅದು ನನ್ನ ಈಜುಕನ್ನಡಕ ಅಲ್ವಾ? ದೊಡ್ಡಮ್ಮ ಯಾಕೆ ಅಲ್ಲಿದಾರೆ? ಎಲ್ಲರ ಮುಖಕ್ಕೂ ಏನದು? ಅಮ್ಮಾ, ಹಿಂದೆ ಏನು ಬಚ್ಚಿಡ್ತಿದೀಯಾ?"

ಟೈಲರಮ್ಮ ತಟ್ಟೆಯನ್ನು ಮುಂದೆ ತಂದು ತೋರಿಸಿದಳು. "ಮೋಮೋ ಕಣೇ. ಎಲೆಕೋಸಿಂದು. ಬೆಳ್ಳುಳ್ಳೀನೂ ಹಾಕಿದೀವಿ."

ಮಗಳು ಮೂಗು ಮುಚ್ಚುತ್ತಾಳೆಂದು ಟೈಲರಮ್ಮ ಕಾದಳು.

"ನಾನು ಇರೋವರೆಗೂ ಸಪ್ಪೆ ಊಟ ಹಾಕಿ, ನಾನು ಈ ಕಡೆ ಬಂದ ಕೂಡ್ಲೇ ಇದಾ?" ಮಗಳ ಧ್ವನಿ ಕೀಚಲಾಯಿತು. "ಇಲ್ಲಿ ಮೆಸ್ಸಲ್ಲಿ ಕೊಡೋದನ್ನ ನೀವು ನೋಡ್ಬೇಕು! ಹಸಿವಿಗೆ ಈರುಳ್ಳಿ, ಎಲೆಕೋಸು ಎಲ್ಲಾ ತಿಂತಿದೀನಿ, ಪಕ್ಕದವಳ ತಟ್ಟೇದೂ ತಿಂತಿದೀನಿ. ಹತ್ರ ಹಿಡೀರಿ ಅಪ್ಪ, ಹತ್ರ! ಅಯ್ಯೋ, ಹಬೆ ಬರ್ತಿದೆ... ರಜೆಗೆ ಬಂದಾಗ ಇದನ್ನ ಮಾಡ್ಲಿಲ್ಲ ಅಂದ್ರೆ ನಾನು ಈ ಮನೆ ಮಗಳೇ ಅಲ್ಲ!"

ಕಂಡಕ್ಟರ್ ಒಂದು ಮೋಮೋವನ್ನು ಕ್ಯಾಮೆರಾಕ್ಕೆ ತಿನ್ನಿಸಲು ಹೋದ. ಗೊಜ್ಜು ಪರದೆಗೆ ಬಳಿದುಕೊಂಡಿತು. ಮಗಳು ಕೆಂಪಗೆ ಕಾಣಿಸುತ್ತ, ನಗುತ್ತ, ಬಯ್ಯುತ್ತ ಇದ್ದಳು. ದೊಡ್ಡಮ್ಮ ಕೈ ತೊಳೆದುಕೊಂಡೇ ತಿನ್ನು ಎಂದು ಅವಳಿಗೆ ದೂರದಿಂದಲೇ ಆಜ್ಞೆ ಮಾಡಿದಳು. ಟೈಲರಮ್ಮನಿಗೆ ಆಗ ಒಂದು ಹನಿ ಕಣ್ಣೀರು ಬಂತು, ಬಂದದ್ದು ಯಾರಿಗೂ ತಿಳಿಯದಂತೆ ಗೊಜ್ಜಿನ ಖಾರದ ಲೆಕ್ಕಕ್ಕೆ ಸೇರಿತು.

ಕರೆ ಮುಗಿಯುವಷ್ಟರಲ್ಲಿ ತಟ್ಟೆ ಖಾಲಿ. ಹಿಟ್ಟೂ ಖಾಲಿ. ಭಾವ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗ್ರೀ?" ಎಂದಳು ಅಕ್ಕ.

"ಮೈದಾ ತರೋಕೆ," ಎಂದರು ಭಾವ. "ಅಂಗಡಿ ತೆರೆದಿರುತ್ತೆ."

ಅಕ್ಕ ಬೇಡವೆನ್ನುತ್ತಾಳೆಂದು ಎಲ್ಲರೂ ಕಾದರು. ಅವಳು ಒಂದು ಸಲ ಹಬೆಪಾತ್ರೆ ನೋಡಿದಳು, ಒಂದು ಸಲ ತಂಗಿಯನ್ನು ನೋಡಿದಳು.

"ಎರಡು ಕೇಜಿ ತನ್ನಿ," ಎಂದಳು. "ಪುಟ್ಟೀ, ಆ ನೆರಿಗೆ ಹೇಗೆ ಹಿಡಿಯೋದು, ನಿಧಾನಕ್ಕೆ ತೋರಿಸು ನೋಡೋಣ."